ದೃಷ್ಟಿಗುಂಬಳದ ಮಜ್ಜಿಗೆ ಹುಳಿ

ಬೇರೆ ತರಕಾರಿಗಳು ಮನೆಯಲ್ಲಿ ಇರುತ್ತವೆ. ಕುಂಬಳಕಾಯಿ ಮಾತ್ರ ಕೂತಿರುತ್ತದೆ. ಬದನೆಕಾಯಿ ಬುಟ್ಟಿಯಲ್ಲಿ ಬಿದ್ದಿರುತ್ತದೆ, ಬೀನ್ಸು ಚೀಲದೊಳಗೆ ಮುದುಡಿಕೊಂಡಿರುತ್ತದೆ, ಅವುಗಳ ಪಾಡಿಗೆ ಅವು. ಆದರೆ ಇಡೀ ಕುಂಬಳಕಾಯಿಯೊಂದನ್ನು ತಂದು ಅಡುಗೆಮನೆಯ ಮೂಲೆಯಲ್ಲಿಟ್ಟು ನೋಡಿ. ಸ್ವಲ್ಪ ಹೊತ್ತಿನಲ್ಲೇ ಮನೆಯಲ್ಲಿ ಇನ್ನೊಬ್ಬರಿದ್ದಾರೆ ಅನ್ನಿಸತೊಡಗುತ್ತದೆ. ಬೆನ್ನು ತಿರುಗಿಸಿ ಅನ್ನಕ್ಕಿಡುತ್ತೀರಿ, ಬೆನ್ನಿಗೆ ಏನೋ ತಾಗಿದಂತಾಗುತ್ತದೆ. ತಿರುಗಿದರೆ ಕುಂಬಳಕಾಯಿ. ಅದು ಏನೂ ಮಾಡಿರುವುದಿಲ್ಲ. ಏನೂ ಮಾಡದೆ ಇರುವುದನ್ನು ಅಷ್ಟು ಚೆನ್ನಾಗಿ ಮಾಡುವ ಇನ್ನೊಂದು ಕಾಯಿ ಲೋಕದಲ್ಲಿಲ್ಲ.

ಇದನ್ನು ಹೇಳುತ್ತಿರುವವನು ಮೂಢನಂಬಿಕೆಯ ಮನುಷ್ಯನಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಲಿ. ಗೆಳೆಯ ಕಿರಣ ಮತ್ತು ನಾನು ಜೋಡಿಯಾಗಿ ವೇದಿಕೆ ಹತ್ತಿದರೆ ಎದುರು ತಂಡದವರು ನೀರು ಕುಡಿಯಲು ಶುರುಮಾಡುತ್ತಿದ್ದರು. ದೇವರು, ದೆವ್ವ, ಜಾತಕ, ವಾಸ್ತು, ಬೆಕ್ಕು ಅಡ್ಡ ಬರುವುದು, ಎಲ್ಲವನ್ನೂ ನಾವು ನಾಲ್ಕು ನಿಮಿಷಗಳಲ್ಲಿ ಸೋಲಿಸಿದವರು. ಕಿರಣ ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾನೆ, ನಾನು ಕಾಡುಗೋಡಿಯಲ್ಲಿ. ಈ ಎರಡು ಊರುಗಳ ನಡುವೆ ಓಡಾಡುವುದಕ್ಕಿಂತ ಗೆಳೆತನವನ್ನು ಫೋನಿನಲ್ಲೇ ಕಾಪಾಡಿಕೊಳ್ಳುವುದು ಸುಲಭವಾದ್ದರಿಂದ ನಮ್ಮ ವಾದಗಳು ಈಗ ಫೋನಿನಲ್ಲಿ ನಡೆಯುತ್ತವೆ. ನನ್ನ ಹೊಟ್ಟೆಪಾಡೂ ವಾದದಿಂದಲೇ. ಸಮುದ್ರದಾಚೆಯ ಗಿರಾಕಿಗಳು ನಮ್ಮ ಕಂಪನಿಗೆ ದೂರು ಕೊಡುತ್ತಾರೆ. ತಪ್ಪು ಅವರದೇ ಎಂದು ಅವರಿಗೆ ನೋವಾಗದಂತೆ ಮನವರಿಕೆ ಮಾಡಿಕೊಡುವುದು ನನ್ನ ಉದ್ಯೋಗ. ಇದಕ್ಕೆ ಆಫೀಸಿಗೆ ಹೋಗುವ ಅಗತ್ಯವಿಲ್ಲ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಮನೆಯಲ್ಲೇ ಕೂರುತ್ತೇನೆ. ಹೀಗಾಗಿ, ನಾಲ್ಕು ಮಹಡಿಯ ನಮ್ಮ ಕಟ್ಟಡದಲ್ಲಿ ಹಗಲು ಹೊತ್ತು ಗಂಡಸು ಅಂತ ಉಳಿಯುವವನು ನಾನೊಬ್ಬನೇ. ಎಲ್ಲ ತೊಂದರೆಯೂ ಇಲ್ಲಿಂದಲೇ ಹುಟ್ಟಿತು.

ಒಂದು ಬೆಳಿಗ್ಗೆ ಕಟ್ಟಡದ ಯಜಮಾನಿ ಮುನಿಯಮ್ಮಜ್ಜಿ ಬಾಗಿಲು ಬಡಿದರು. ಈ ಕಟ್ಟಡ ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ಅವರದೇ ಹೊಲವಿತ್ತು. ಈಗಲೂ ಅವರು ಮೆಟ್ಟಿಲು ಹತ್ತುವಾಗ ಬದುವಿನ ಮೇಲೆ ನಡೆಯುವವರಂತೆ ಹೆಜ್ಜೆ ನೋಡಿ ಇಡುತ್ತಾರೆ. ಸೊಂಟದ ಮೇಲೆ ಕೂಸನ್ನು ಎತ್ತಿಕೊಂಡ ಹಾಗೆ ಒಂದು ಸಿಹಿಗುಂಬಳವನ್ನು ಎತ್ತಿಕೊಂಡಿದ್ದರು.

"ಏನಪ್ಪಾ, ಇದಕ್ಕೆ ವಸಿ ಚಾಕು ಆಕ್ಕೊಡು."

"ಯಾಕಜ್ಜಿ, ನಿಮ್ಮನೇಲಿ ಚಾಕು ಇಲ್ವಾ?"

"ಚಾಕು ಐತೆ. ಗಂಡಸಿಲ್ಲ."

ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಚಾಕು ಹಾಕಬಾರದಂತೆ. ಅದು ಬಲಿಯ ಬದಲಿಗೆ ನಿಲ್ಲುವ ಕಾಯಿ. ಅದನ್ನು ಸೀಳುವ ಪಾಪವನ್ನು ಗಂಡಸು ಹೊರಬೇಕು. ಒಮ್ಮೆ ಎರಡು ಹೋಳಾಯಿತೋ, ಮುಂದೆ ಅದನ್ನು ಯಾರು ಬೇಕಾದರೂ ಹೆಚ್ಚಬಹುದು, ಕೊಚ್ಚಬಹುದು, ಒಗ್ಗರಣೆ ಹಾಕಬಹುದು. ನಾನು ಬಿಡುತ್ತೇನೆಯೇ?

"ಅಜ್ಜಿ, ಇದು ಕುಂಬಳಕಾಯಿ. ಕುರಿ ಅಲ್ಲ."

"ಕುರಿ ಅಂತ ನಾನೆಲ್ ಅಂದೆ? ಕುರಿ ಬದ್ಲು ಅಂದೆ."

"ಒಂದರ ಬದಲಿಗೆ ಇನ್ನೊಂದು ಇಟ್ಟ ಮಾತ್ರಕ್ಕೆ ಇದು ಅದೇ ಆಗಿಬಿಡುತ್ತಾ?"

"ನೀನು ಕಂಪ್ನಿಗೆ ಓಗಾಕಿಲ್ಲ, ಇಲ್ಲೇ ಆ ಪೆಟ್ಗೆ ಮುಂದೆ ಕುಂತಿರ್ತೀಯ. ಕಂಪ್ನೀಲಿ ಅವ್ನೆ ಅಂತ ಅವ್ರು ಅನ್ಕೊಳಾಕಿಲ್ವಾ? ಅಂಗೇ ಕಣಪ್ಪ. ಬೇಗ ಕುಯ್ಯಿ, ಬೇಳೆ ಬೆಂದೋಯ್ತದೆ."

ಹಲವು ಕಪ್‌ಗಳನ್ನು ಗೆದ್ದ ನಾನು ಚಾಕು ತಂದು ಕುಂಬಳಕಾಯಿ ಕುಯ್ದೆ. ಮಧ್ಯಾಹ್ನ ಒಂದು ಬಟ್ಟಲು ಹುಳಿ ಬಂತು. ಕುಂಬಳದ ಹೋಳು ಬೆಂದು ಅಂಚಿನಲ್ಲಷ್ಟೇ ಕರಗಿದ, ಬೆಲ್ಲ ಇತ್ತೋ ಇಲ್ಲವೋ ಎಂದು ನಾಲಿಗೆಯನ್ನು ಅನುಮಾನಕ್ಕೆ ಬೀಳಿಸುವ ಹುಳಿ. ಅದನ್ನು ಉಂಡ ಮೇಲೆ ನನ್ನ ವಿಚಾರವಾದದಲ್ಲಿ ಒಂದು ಸಣ್ಣ ತಿದ್ದುಪಡಿಯಾಯಿತು: ನಂಬದವನು ಕುಯ್ದರೆ ಅದು ನಂಬಿಕೆಯಲ್ಲ, ಬರೀ ಸಹಾಯ.

ಸುದ್ದಿ ಮೆಟ್ಟಿಲು ಹತ್ತಿತು. ಎರಡನೆಯ ಮಹಡಿಯಿಂದ ಕುಂಬಳ ಬಂತು, ಮೂರನೆಯದರಿಂದ ಬಂತು. ಉಡುಪಿ ಕಡೆಯವರೊಬ್ಬರು ಬೂದುಗುಂಬಳ ಸೀಳಿಸಿಕೊಂಡು ಹೋಗಿ ಹಲ್ವ ಕಳಿಸಿದರು. ಮರುದಿನ ಅದರ ಸಿಪ್ಪೆಯ ಚಟ್ನಿ, ಅದರ ಮರುದಿನ ತಿರುಳಿನ ಗೊಜ್ಜು. ಆ ಕಾಯಿ ಮುಗಿಯುವ ಹೊತ್ತಿಗೆ ಎಸೆಯಲು ಏನೂ ಉಳಿದಿರಲಿಲ್ಲ. ನಾನು ನ್ಯಾಯಾಧೀಶನೂ ಆದೆ. ಸೋರೆಕಾಯಿಗೆ ಗಂಡಸು ಬೇಕೇ? ಬೇಡ. ಸೀಮೆಬದನೆಗೆ? ಹೆಸರಿನಲ್ಲಿ ಬದನೆಯಿದೆ, ಕುಲದಲ್ಲಿ ಕುಂಬಳದ ನೆಂಟ, ಆದರೆ ಅಂಗೈಯಲ್ಲಿ ಹಿಡಿಯುವಷ್ಟು ಬಡಪಾಯಿ, ಬೇಡ. ಮಾಲ್‌ನಿಂದ ಬಂದ ಝುಕಿನಿ ಎಂಬ ಹಸಿರು ಕೋಲನ್ನು ಹಿಡಿದು ಮೇಲಿನ ಮಹಡಿಯ ಹುಡುಗಿಯೊಬ್ಬಳು, "ಸಾರ್, ಇದೂ ಪಂಪ್ಕಿನ್ ಫ್ಯಾಮಿಲೀನೇ ಅಂತೆ, ಮಮ್ಮಿ ಕೇಳ್ಕೊಂಡ್ ಬಾ ಅಂದ್ರು" ಎಂದಾಗ, ಪಲ್ಯ ಹೇಗಾಗುತ್ತದೋ ನೋಡುವ ಕುತೂಹಲದಿಂದ ನಾನು ಬೇಕು ಎಂದು ತೀರ್ಪು ಕೊಟ್ಟೆ. ಪಲ್ಯ ನೀರು ನೀರಾಗಿತ್ತು. ತೀರ್ಪನ್ನು ಹಿಂತೆಗೆದುಕೊಂಡೆ.

ಈ ವೈಭವಕ್ಕೆ ಒಂದೇ ಕಳಂಕವೆಂದರೆ ಪಾತ್ರೆಗಳು. ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಊರವರ ಬಟ್ಟಲು, ಡಬ್ಬಿ, ಮುಚ್ಚಳಗಳು ಗೋಪುರವಾದವು. ತೊಳೆದು ಕೊಡಲು ಹೋದರೆ ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡರು. "ಖಾಲಿ ಪಾತ್ರೆ ಕೊಡಬಾರ್ದು ಕಣಪ್ಪ. ಏನಾರ ಆಕ್ಕೊಡು." ಅಡುಗೆ ಬಾರದ ನಾನು ಏನು ಹಾಕಿ ಕೊಡಲಿ?

ಇನ್ನು ಪಕ್ಕದ ಮನೆಯವರ ಕತೆ. ನನ್ನ ಗೋಡೆಗೆ ಅಂಟಿಕೊಂಡ ಒಂಟಿ ಕೋಣೆಯಲ್ಲಿ ಕೊಪ್ಪಳದ ಕಡೆಯ ಶಾಂತವ್ವ ಮತ್ತು ಅವಳ ಗಂಡ ಹನುಮಂತ ಇದ್ದರು. ಅವನು ಕಟ್ಟಡ ಕೆಲಸದವನು. ವೈಟ್‌ಫೀಲ್ಡಿನಲ್ಲಿ ಏಳುತ್ತಿದ್ದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಪ್ಲಾಸ್ಟರಿಂಗು. ಅವಳು ಮಾಡುವ ಕುಂಬಳಕಾಯಿ ಗಾರಿಗೆ ತಿಂದವರು ಗೋಡೆಯಾಚೆಯ ನೆರೆಹೊರೆಯನ್ನು ಎಂದೂ ಬಿಟ್ಟುಹೋಗಲಾರರು. ಹಾಗಿರುವಾಗ ಹನುಮಂತ ಒಂದು ಸಂಜೆ ಕೆಲಸದಿಂದ ಜ್ವರ ಹೊತ್ತುಕೊಂಡು ಬಂದ. ಜ್ವರ ಇಳಿಯಿತು, ಆದರೆ ಅವನು ಏಳಲಿಲ್ಲ. ಊಟ ಬಿಟ್ಟ. ಅನ್ನ ತಂದರೆ ಗೋಡೆಯ ಕಡೆ ಹೊರಳಿಕೊಳ್ಳುತ್ತಿದ್ದ. ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. "ಹೊಟ್ಟೆಗೆ ಹೋದರೆ ಎದ್ದು ಕೂರ್ತಾನೆ. ಹೋಗ್ಲಿಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ಸೇರಿಸಬೇಕಾಗುತ್ತೆ" ಎಂದಿದ್ದರಂತೆ ಡಾಕ್ಟರು.

ನಾನೂ ನೋಡಲು ಹೋಗಿದ್ದೆ. ಕಣ್ಣು ಗುಳಿಬಿದ್ದಿತ್ತು. ನನ್ನನ್ನು ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಹೇಳಿದ: "ಸರ, ಲಿಫ್ಟ್ ಕೂಡ್ಸೂ ಗುಂಡಿ ಐತಲ್ರಿ, ಇನ್ನೂ ಲಿಫ್ಟ್ ಬಂದಿಲ್ಲ, ಬರೇ ಗುಂಡಿ. ಅದರ ಬಾಜೂಕ ಒಬ್ನ ನಿಂತಿದ್ನಿ. ಹಿಂದಿಂದ ಯಾರೋ ಹೆಸರು ಹಿಡದು ಕರದ್ರು. ಹೊಳ್ಳಿ ನೋಡಿದ್ನಿ. ಯಾರೂ ಇಲ್ರಿ."

"ಅದು ಪ್ರತಿಧ್ವನಿ ಹನುಮಂತಣ್ಣ. ಖಾಲಿ ಗುಂಡಿಯಲ್ಲಿ ಕೆಳಗಿನವರ ಮಾತು ಮೇಲಕ್ಕೆ ಬರುತ್ತದೆ" ಎಂದು ಶಬ್ದಶಾಸ್ತ್ರದ ಮೇಲೆ ಒಂದು ಪುಟ್ಟ ಉಪನ್ಯಾಸ ಕೊಟ್ಟೆ. ಅವನು ಕೊನೆಯತನಕ ಕೇಳಿ, "ಹೌದ್ರಿ ಸರ" ಎಂದ. ಆಮೇಲೆ ನನ್ನ ಹೆಗಲಾಚೆ ಬಾಗಿಲ ಕಡೆಗೆ ನೋಡಿ, "ಬಂದೆ, ತಡೀರಿ" ಎಂದ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ಆ ಮಾತು ಗೋಡೆಯೊಳಗಿಂದ ಕೇಳುತ್ತಿತ್ತು. ಮಧ್ಯಾಹ್ನ ಕಟ್ಟಡವೆಲ್ಲ ಖಾಲಿಯಾಗಿ, ನೀರಿನ ಟ್ಯಾಂಕರೂ ಬಂದುಹೋಗಿ, ಮೆಟ್ರೋ ಹಾದ ಮೇಲಿನ ಆ ಒಂದು ನಿಶ್ಶಬ್ದದಲ್ಲಿ, "ಬಂದೆ." ನಡುವೆ ಒಂದಿಷ್ಟು ಮೌನ, ಆಚೆಯವರು ಏನೋ ಹೇಳುತ್ತಿದ್ದಾರೆ ಎಂಬಂತೆ. ಮತ್ತೆ, "ಬಂದೇರಿ, ಬರ್ತೀನಿ." ನಾನು ಹೆಡ್‌ಫೋನಿನ ಶಬ್ದ ಹೆಚ್ಚಿಸಿಕೊಳ್ಳುತ್ತಿದ್ದೆ. ಇದು ಹೆದರಿಕೆಯಲ್ಲ, ಏಕಾಗ್ರತೆ.

ಅಮಾವಾಸ್ಯೆಯ ಬೆಳಿಗ್ಗೆ ನಾನು ಒಬ್ಬ ಮಹಾಕೋಪಿಷ್ಠ ಗಿರಾಕಿಯ ಜೊತೆ ಕರೆಯಲ್ಲಿದ್ದೆ. ಬಾಗಿಲು ತೆರೆದಿತ್ತು, ಬೆನ್ನು ಬಾಗಿಲ ಕಡೆಗಿತ್ತು. ಯಾರೋ ಬಂದು ನಿಂತು ಏನೋ ಹೇಳುತ್ತಿರುವುದು ನೆರಳಿನಿಂದ ಗೊತ್ತಾಯಿತು. ತಿರುಗದೆ ಕೈಯೆತ್ತಿ, ಅಲ್ಲೇ ಇಡಿ ಎಂದು ಸನ್ನೆ ಮಾಡಿದೆ. ಆ ದಿನಗಳಲ್ಲಿ ನನ್ನ ಬಾಗಿಲಿಗೆ ಬಂದವರು ಇನ್ಯಾವ ಕೆಲಸಕ್ಕೂ ಬಂದಿರಲಿಲ್ಲ. ಕರೆ ಮುಗಿಸಿ ನೋಡಿದರೆ, ಹೊಸ್ತಿಲ ಆಚೆ ಒಂದು ಬೂದುಗುಂಬಳ ಕೂತಿತ್ತು. ಮೈಮೇಲೆಲ್ಲ ಬೂದಿ, ನೆತ್ತಿಯಲ್ಲಿ ಒಂದು ಕೆಂಪು ಬೊಟ್ಟು. ಮಂಡಿಯವರು ರಾಶಿ ಗುರುತಿಗೆ ಬಣ್ಣ ಬಳಿಯುತ್ತಾರಲ್ಲ, ಅದಿರಬೇಕು ಎಂದುಕೊಂಡೆ.

ಎಂದಿನಂತೆ ಕುಯ್ದೆ. ಚಾಕು ಇಳಿದಾಗ ಒಳಗಿಂದ ನಿಟ್ಟುಸಿರಿನಂಥ ಸದ್ದು ಬಂತು. ಎರಡು ಹೋಳು ಬಿಚ್ಚಿದರೆ, ಒಳಗಿನ ಬೀಜಗಳೆಲ್ಲ ಮೊಳೆತಿದ್ದವು. ಬೆಳಕನ್ನೇ ಕಾಣದ ಬಿಳಿಯ ಎಳೆಗಳು, ಕೂಸಿನ ಬೆರಳುಗಳಂತೆ, ತಿರುಳಿನ ತುಂಬ ಹೆಣೆದುಕೊಂಡು ಎಲ್ಲವೂ ಒಂದೇ ಕಡೆಗೆ ಬಾಗಿದ್ದವು. ಹೆಚ್ಚು ದಿನ ಇಟ್ಟ ಬಲಿತ ಕಾಯಿಯಲ್ಲಿ ಹೀಗಾಗುತ್ತದೆ, ಇದಕ್ಕೆ ವೈಜ್ಞಾನಿಕ ವಿವರಣೆಯಿದೆ ಎಂದು ಗಟ್ಟಿಯಾಗಿಯೇ ಹೇಳಿದೆ. ಮನೆಯಲ್ಲಿ ನಾನೊಬ್ಬನೇ ಇದ್ದೆ, ಯಾರಿಗೆ ಹೇಳಿದೆನೋ ಗೊತ್ತಿಲ್ಲ.

ಮಧ್ಯಾಹ್ನವಾದರೂ ಕಾಯಿಗೆ ಯಾರೂ ಬರಲಿಲ್ಲ. ಮಹಡಿ ಮಹಡಿಗೆ ಹೋಗಿ ಕೇಳಿದೆ. "ನಂದಲ್ಲ ಕಣಪ್ಪ" ಎಂದರು ಅಜ್ಜಿ. ಉಡುಪಿಯವರೂ ಅಲ್ಲ ಎಂದರು. ಶಾಂತವ್ವನ ಬಾಗಿಲಿಗೆ ಬೀಗ; ಗಂಡನನ್ನು ಆಟೋದಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದಾಳೆಂದು ಗೊತ್ತಾಯಿತು. ಗಂಡ ಉಣ್ಣದೆ ಮಲಗಿರುವಾಗ ಅವಳೇಕೆ ಕುಂಬಳ ತರುತ್ತಾಳೆ? ಆದ್ದರಿಂದ ನನ್ನ ತರ್ಕ ಹೀಗೆ ಸಾಗಿತು: ಕಾಯಿಗೆ ವಾರಸುದಾರರಿಲ್ಲ, ಇಷ್ಟು ದಿನ ನಾನು ಸೇವೆ ಮಾಡಿದ್ದೇನೆ, ಆದ್ದರಿಂದ ಇದು ಕೃತಜ್ಞ ನಾಗರಿಕರೊಬ್ಬರು ಗುಟ್ಟಾಗಿ ಸಲ್ಲಿಸಿದ ಕಾಣಿಕೆ. ಕಟ್ಟೆಯ ಮೇಲಿನ ಪಾತ್ರೆಗಳ ಗೋಪುರ ಕಣ್ಣಿಗೆ ಬಿತ್ತು. ಎರಡು ಸಮಸ್ಯೆಗಳು ಒಂದನ್ನೊಂದು ಪರಿಹರಿಸಿಕೊಂಡಾಗ ಸಿಗುವ ಸಂತೋಷ ವಾದಪಟುಗಳಿಗಷ್ಟೇ ಗೊತ್ತು.

ಉಡುಪಿಯವರನ್ನು ಕೇಳಿ ಮಜ್ಜಿಗೆ ಹುಳಿ ಮಾಡಿದೆ. ಮೊಳಕೆಯ ತಿರುಳು ತೆಗೆದು, ಹೋಳುಗಳನ್ನು ಗಾಜಿನಂತೆ ಕಾಣುವ ತನಕ ಬೇಯಿಸಿದೆ. ನೆನೆದ ಕಡಲೆಬೇಳೆ, ತೆಂಗಿನಕಾಯಿ, ಹಸಿಮೆಣಸು, ಜೀರಿಗೆ, ಒಂದು ಚೂರು ಶುಂಠಿ ರುಬ್ಬಿ ಹಾಕಿದೆ. ಹುಳಿ ಮಜ್ಜಿಗೆ ಸುರಿದು, ಒಡೆಯದಂತೆ ಸಣ್ಣ ಉರಿಯಲ್ಲಿ ಕಾಯುತ್ತ ನಿಂತೆ. ಇಂಗು, ಕರಿಬೇವು, ಸಾಸಿವೆ ಸಿಡಿದಾಗ ಓಣಿಯೇ ಮೂಗರಳಿಸಿತು. ಬೀದಿನಾಯಿಗೆ ಮೊದಲು ಒಂದು ತುತ್ತು ಅನ್ನದ ಜೊತೆ ಹಾಕಿದೆ. ಮೊನ್ನೆ ನನ್ನ ಚಪ್ಪಲಿಯನ್ನೇ ತಿಂದಿದ್ದ ಆ ನಾಯಿ, ಮೂಸಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ಕೂತಿತು. ನಾಯಿಗೆ ಇಂಗು ಆಗದು. ಎಲ್ಲ ಪಾತ್ರೆಗಳಲ್ಲೂ ತುಂಬಿ ಮನೆಮನೆಗೂ ಹಂಚಿ ಬಂದೆ. ಆ ಹೊತ್ತಿಗೆ ಶಾಂತವ್ವನೂ ಹಿಂದಿರುಗಿ ಬಾಗಿಲು ತೆರೆದಿದ್ದಳು. ಅವಳ ಸ್ಟೀಲಿನ ಡಬ್ಬಿಯನ್ನೂ ಅವಳ ಕೈಗಿಟ್ಟೆ. ಆಮೇಲೆ ನಾನೂ ಹೊಟ್ಟೆ ಬಿರಿಯ ಉಂಡೆ.

ಊಟವಾದ ಮೇಲೆ ಗೋಡೆ ಸುಮ್ಮನಿತ್ತು. "ಬಂದೆ" ಇಲ್ಲ. ಮೊದಲು ಹಿತವೆನಿಸಿತು. ಆಮೇಲೆ, ಯಾಕೆ ಸುಮ್ಮನಿದೆ ಎಂದು ಕಿವಿ ಕೊಟ್ಟು ಕೂತೆ.

ಹೊತ್ತು ಇಳಿಯುವಾಗ ಶಾಂತವ್ವ ಬಾಗಿಲಿಗೆ ಬಂದಳು. ತೊಳೆದ ಡಬ್ಬಿಯಲ್ಲಿ ಬೆಲ್ಲದ ಅಚ್ಚೊಂದು. ಮುಖದಲ್ಲಿ ಎಷ್ಟೋ ದಿನಗಳಿಂದ ಕಾಣದಿದ್ದ ಕಳೆ.

"ಸರ, ನಿಮ್ಮ ಮಜ್ಜಗಿ ಹುಳಿ ಭಾಳ ಚಲೋ ಆಗಿತ್ರಿ. ನಮ್ಮನಿಯವರು ವಾಸನಿಗೇ ಎದ್ದು ಕುಂತ್ರು! ಎರಡು ಸರ್ತಿ ಹಾಕಿಸ್ಕೊಂಡು ಉಂಡ್ರು. ಇನ್ನೂ ಐತೇನ್ರಿ ಚೂರು?"

"ಇದೆ, ಇದೆ" ಎಂದು ಉಬ್ಬಿಹೋಗಿ ಸೌಟು ಹಿಡಿದೆ.

"ಕಾಯಿ ಯಾವಾಗ ಒಡೀತೀರಿ ಸರ? ದೀಪ ಹಚ್ಚೋದ್ರೊಳಗ ಆಗ್ಬೇಕು ಅಂತ ಊರಿಂದ ಫೋನ್ ಮಾಡ್ಯಾರ ನಮ್ಮತ್ತಿ."

"ಯಾವ ಕಾಯಿ?"

"ಮುಂಜಾನೆ ನಿಮ್ಮ ಬಾಗಲದಾಗ ಇಟ್ಟಿದ್ನಲ್ರಿ. ಇವರಿಗೆ ನಿವಾಳಿಸಿದ್ದು. ಮೂರು ದಾರಿ ಕೂಡೂ ಕಡೆ ಬ್ಯಾರೆ ಮನಿ ಗಂಡಸ ಒಡೀಬೇಕು, ಹೊಳ್ಳಿ ನೋಡದ ಬರಬೇಕು, ನೀವರ ದಿನಾ ಒಡೀತೀರಿ, ನಮಗ ಇಲ್ಲಿ ಬ್ಯಾರೆ ಯಾರದಾರ ಅಂತ ಹೇಳಿದ್ನಲ್ರಿ? ಇಡು ಅಂತ ಕೈ ಮಾಡಿದ್ರಿ."

ಸೌಟಿನ ತುಂಬ ಹನುಮಂತನ ದೃಷ್ಟಿ ಹಿಡಿದುಕೊಂಡು ನಾನು ನಿಂತಿದ್ದೆ. ಕರಿಬೇವಿನ ಎಲೆಯೊಂದು ಅದರ ಮೇಲೆ ನಿಧಾನವಾಗಿ ತಿರುಗುತ್ತಿತ್ತು.

"ಸಂಜೆ ಒಡೀತೀನಿ ಶಾಂತವ್ವ" ಎಂದಿತು ನನ್ನ ಬಾಯಿ. ಹುಳಿ ಮುಗಿಯಿತೆಂದು ಹೇಳಲು ಹೊರಟೆ, ಆದರೆ ಗೋಡೆಯಾಚೆಯಿಂದ ಹನುಮಂತನ ದನಿ, ಗಟ್ಟಿಯಾದ ಹಸಿದ ದನಿ, "ಏ, ಕೊಟ್ರೇನು?" ಎಂದು ಕೇಳಿಸಿತು. ಹಾಕಿಕೊಟ್ಟೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಅವಳು ಹೋದ ಕೂಡಲೇ ಕೆಳಗಿಳಿದು ಅಜ್ಜಿಯ ಬಳಿ ಕೂತೆ. ಅಜ್ಜಿ ನನ್ನ ಮಜ್ಜಿಗೆ ಹುಳಿಯನ್ನು ಮುದ್ದೆಗೆ ಅದ್ದಿಕೊಂಡು ಉಣ್ಣುತ್ತಿದ್ದರು.

"ಅಜ್ಜಿ, ಸುಮ್ಮನೆ ವಾದಕ್ಕೆ ಕೇಳ್ತೀನಿ. ನಿವಾಳಿಸಿದ ಕಾಯಿನ ಯಾರಾದ್ರೂ ತಿಂದ್ರೆ ಏನಾಗುತ್ತೆ?"

"ಯಾರಾನ ತಿಂತಾರಾ ಅದ್ನ?"

"ಬುದ್ಧಿ ಇಲ್ದೋರು ತಿಂದ್ರು ಅನ್ಕೊಳಿ."

"ಇವನ್ ಮೇಲಿಂದ ಎದ್ದಿದ್ದು ತಿಂದೋನ್ ಮೇಲೆ ಕೂತ್ಕೋತದೆ. ಇನ್ನೆಲ್ಲೋದಾತು?"

"ಹತ್ತಾರು ಜನ ತಿಂದ್ರೆ?"

ಅಜ್ಜಿ ಬೆರಳು ನೆಕ್ಕುತ್ತ ಯೋಚಿಸಿದರು. "ಮೊದ್ಲು ಚಾಕು ಆಕ್ದೋನ್ನ ಇಡ್ಕೊತದೆ. ನಿನ್ ಉಳಿ ಚೆಂದಾಗೈತೆ ಕಣಪ್ಪ, ಉಪ್ಪು ವಸಿ ಕಮ್ಮಿ."

ಈಗ ನನ್ನ ಮುಂದಿದ್ದ ವಿಷಯವನ್ನು ಸ್ಪರ್ಧೆಯ ವಿಷಯದಂತೆ ಮಂಡಿಸುತ್ತೇನೆ. ನಿಜ ಹೇಳಿದರೆ, ಶಾಂತವ್ವ ತನ್ನ ಗಂಡನ ಕಂಟಕವನ್ನು ತಾನೇ ಮರಳಿ ಅವನಿಗೆ ಉಣ್ಣಿಸಿದೆನೆಂದು ಎದೆ ಒಡೆದುಕೊಳ್ಳುತ್ತಾಳೆ. ಅವನಿಗೆ ತಿಳಿದರೆ ಮತ್ತೆ ಗೋಡೆಯ ಕಡೆ ಹೊರಳುತ್ತಾನೆ. ಆಮೇಲೆ ದೊಡ್ಡಾಸ್ಪತ್ರೆಯೇ ಗತಿ. ಅವನನ್ನು ಎಬ್ಬಿಸಿದ್ದು ಒಗ್ಗರಣೆಯ ವಾಸನೆ, ಮಂತ್ರವಲ್ಲ ಎಂದು ನಾನು ಸಾಬೀತುಪಡಿಸಬಲ್ಲೆ. ಆದರೆ ಹಾಗೆ ಸಾಬೀತುಪಡಿಸಿ ಗೆದ್ದರೆ ಅವನು ಸೋಲುತ್ತಾನೆ. ಎದುರಾಳಿ ಗೆಲ್ಲಲೇಬೇಕಾದ ವಾದವನ್ನು ನಾನು ಅಲ್ಲಿಯತನಕ ಆಡಿರಲಿಲ್ಲ.

ಮೂರು ದಾರಿ ಕೂಡುವ ಕಡೆಯಲ್ಲೇ ತರಕಾರಿ ಗಾಡಿಯವನೊಬ್ಬ ನಿಲ್ಲುತ್ತಾನೆ. ಅವನಲ್ಲಿ ಇನ್ನೊಂದು ಬೂದುಗುಂಬಳ ಕೊಂಡೆ. ಇದು ನಿವಾಳಿಸಿದ್ದಲ್ಲ, ಆದ್ದರಿಂದ ಅವರ ಲೆಕ್ಕದಲ್ಲಿ ಇದನ್ನು ಒಡೆಯುವುದು ನಿರರ್ಥಕ. ನನ್ನ ಲೆಕ್ಕದಲ್ಲಿ ಯಾವುದನ್ನು ಒಡೆಯುವುದೂ ನಿರರ್ಥಕ. ಎರಡು ಲೆಕ್ಕದಲ್ಲೂ ನಿರರ್ಥಕವಾದ ಕೆಲಸವೊಂದನ್ನು ಮಾಡಲು ಜಗತ್ತಿನಲ್ಲಿ ಯಾರಿಗೂ ಆಕ್ಷೇಪಣೆ ಇರಲಾರದು. ಆಕಾಶ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಬೀದಿದೀಪ ಇನ್ನೂ ಹತ್ತಿರಲಿಲ್ಲ. ಯಾವಾಗಲೂ ಕಿರುಚುವ ಆ ಕೂಡುರಸ್ತೆ ಆ ಕ್ಷಣದಲ್ಲಿ, ಯಾವ ಕಾರಣಕ್ಕೋ, ಒಂದು ವಾಹನವೂ ಇಲ್ಲದೆ ಖಾಲಿಯಾಗಿತ್ತು. ಕಾಯಿಯನ್ನು ತಲೆಯ ಮೇಲಕ್ಕೆ ಎತ್ತಿ ಅಪ್ಪಳಿಸಿದೆ. ಅದು ಒಡೆದ ಸದ್ದು ಕಾಯಿಯ ಸದ್ದಿನಂತಿರಲಿಲ್ಲ. ದೊಡ್ಡದೊಂದು ಬಾಗಿಲು ಎಲ್ಲೋ ಮುಚ್ಚಿಕೊಂಡಂತಿತ್ತು. ತಿರುಗಿ ಮನೆಯ ಕಡೆ ನಡೆದೆ.

ಕೆಲವು ಹೆಜ್ಜೆ ಹೋಗಿದ್ದೆನೋ ಇಲ್ಲವೋ, ಹಿಂದಿನಿಂದ ಕರೆ ಬಂತು.

"ಮಂಜುನಾಥಾ."

ನನ್ನ ಹೆಸರು ಅದೇ. ಕೂಗಿದ್ದಲ್ಲ, ಅವಸರವೂ ಇರಲಿಲ್ಲ. ಪರಿಚಯದವರು ಜಗಲಿಯ ಮೇಲಿಂದ ಕರೆದ ಹಾಗಿತ್ತು. ಗಾಡಿಯ ಮೇಲೆ ನನ್ನ ಬಟ್ಟೆಯ ಚೀಲ ಬಿಟ್ಟುಬಂದದ್ದು ಆಗ ನೆನಪಾಯಿತು. ಗಾಡಿಯವನೇ ಕರೆಯುತ್ತಿದ್ದಾನೆ, ಸರಿ. ತಿರುಗಿ ಚೀಲ ತೆಗೆದುಕೊಳ್ಳುವುದು ವಿವೇಕಿಯ ಲಕ್ಷಣ. ನನ್ನ ಕತ್ತು ಮಾತ್ರ ಆ ಪ್ರಸ್ತಾವವನ್ನು ಒಪ್ಪಲಿಲ್ಲ.

"ಮಂಜುನಾಥಾ." ಈ ಸಲ ಸ್ವಲ್ಪ ಹತ್ತಿರದಿಂದ.

ನಾನು ಓಡಲಿಲ್ಲ. ಇದನ್ನು ದಾಖಲಿಸಬೇಕು. ನಡೆದೆ. ನಡೆಯುವಾಗ ಎರಡೂ ಕಾಲುಗಳು ಒಟ್ಟಿಗೆ ನೆಲ ಬಿಟ್ಟಿದ್ದರೆ ಅದು ನನ್ನ ನಡಿಗೆಯ ಶೈಲಿ.

ಮೆಟ್ಟಿಲ ಬುಡದಲ್ಲಿ ಶಾಂತವ್ವ ಕೊಡದಲ್ಲಿ ನೀರು ಹಿಡಿದು ಕಾಯುತ್ತಿದ್ದಳು. ಕಾಲಿಗೆ ಸುರಿದಳು. ಅವಳ ಕಣ್ಣು ನನ್ನ ಮುಖವನ್ನೇ ಹುಡುಕುತ್ತಿತ್ತು.

"ಒಡದ್ರೇನ್ರಿ?"

"ಒಡೆದೆ."

"ಹೊಳ್ಳಿ ನೋಡ್ಲಿಲ್ಲ ಹೌದಲ್ರಿ?"

"ನೋಡಲಿಲ್ಲ."

"ಯಾರರ ಕರದ್ರೇನು?"

ಮೇಲೆ ತಟ್ಟೆ ಕೆಳಗಿಟ್ಟ ಸದ್ದಾಯಿತು. ಹನುಮಂತ ಮೆಟ್ಟಿಲ ಮೇಲ್ತುದಿಗೆ ಬಂದು ಗೋಡೆ ಹಿಡಿದು ನಿಂತಿದ್ದ, ತನ್ನ ಕಾಲ ಮೇಲೆ ತಾನು. ಉಂಡ ಕೈಯನ್ನು ಇನ್ನೂ ತೊಳೆದಿರಲಿಲ್ಲ. ಅವನೂ ನನ್ನ ಉತ್ತರಕ್ಕೆ ಕಾಯುತ್ತಿದ್ದ.

"ಯಾರೂ ಕರೀಲಿಲ್ಲ" ಎಂದೆ. ಶಾಂತವ್ವ ಉಸಿರು ಬಿಟ್ಟಳು, ಖಾಲಿ ಕೊಡವನ್ನು ಸೊಂಟಕ್ಕಿಟ್ಟು ನಕ್ಕಳು. "ಅಂದ್ರ ಹೋತು ಬಿಡ್ರಿ" ಎಂದಳು.

ಮರುದಿನ ಬೆಳಿಗ್ಗೆ ಗಾಡಿಯವನ ಬಳಿ ಹೋದೆ. ಚೀಲ ಮಡಚಿ ಇಟ್ಟಿದ್ದ. "ನಿನ್ನೆ ಕರೆದಾಗ ತಿರುಗಲಿಲ್ಲ, ಕ್ಷಮಿಸಣ್ಣ" ಎಂದೆ.

"ನಾನ್ಯಾವಾಗ ಸಾರ್ ಕರೆದೆ? ನೀವು ಚೀಲ ಬಿಟ್ಟಿದ್ದು ಗಾಡಿ ಮುಚ್ಚುವಾಗ್ಲೇ ನೋಡಿದ್ದು. ಅಷ್ಟಕ್ಕೂ ನಿಮ್ ಹೆಸ್ರೇನು?"

ಹನುಮಂತ ಆ ವಾರದಲ್ಲೇ ಕೆಲಸಕ್ಕೆ ಹೋದ. ಅವನ ಗೋಡೆಯಿಂದ ಈಗ ಗೊರಕೆಯ ಹೊರತು ಏನೂ ಕೇಳುವುದಿಲ್ಲ. ಮಜ್ಜಿಗೆ ಹುಳಿ ಉಂಡ ಕಟ್ಟಡದವರೆಲ್ಲ ಗುಂಡುಕಲ್ಲಿನಂತಿದ್ದಾರೆ. ಕಿರಣನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ, ಮೂರು ವಿವರಣೆಗಳ ಸಮೇತ. ಒಂದು, ಬೆಂಗಳೂರಿನ ಯಾವ ಕೂಡುರಸ್ತೆಯಲ್ಲಿ ನಿಂತು ಮಂಜುನಾಥ ಎಂದರೂ ನಾಲ್ಕು ಸ್ಕೂಟರುಗಳು ನಿಲ್ಲುತ್ತವೆ. ಯಾರೋ ಯಾರನ್ನೋ ಕರೆದಿದ್ದಾರೆ. ಎರಡು, ದಿನವಿಡೀ ಹೆಡ್‌ಫೋನು ಹಾಕುವವನ ಕಿವಿಯಲ್ಲಿ ಇಲ್ಲದ ದನಿಗಳು ಉಳಿದುಕೊಳ್ಳುತ್ತವೆ. ಮೂರು, ಹನುಮಂತನ ಕತೆ ಮನಸ್ಸಿನಲ್ಲಿತ್ತು, ಮನಸ್ಸು ನಾಟಕವಾಡಿತು. ಆಗ ಸಂಜೆಯಾಗಿತ್ತು. ನಾನು ಬಾಲ್ಕನಿಯ ಕಂಬಿಗೆ ಮೊಣಕೈ ಊರಿ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದೆ. ಹಿಂದೆ ಕೋಣೆ, ಅದರ ಹಿಂದೆ ತೆರೆದ ಬಾಗಿಲು.

"ಮೂರೂ ಸಕ್ಕತ್ ಪಾಯಿಂಟು ಮಗಾ" ಎಂದ ಕಿರಣ. "ಯಾವ ಜಡ್ಜ್ ಆದ್ರೂ ಕಪ್ ಕೊಡ್ತಾನೆ. ಈಗ ಎಲ್ಲಿದೀಯ?"

"ಬಾಲ್ಕನಿಯಲ್ಲಿ."

"ಹಾಗಾದ್ರೆ ಒಂದ್ಸಲ ಹಿಂದೆ ತಿರುಗಿ ನೋಡಿ ಹೇಳು, ಯಾರೂ ಇಲ್ಲ ಅಂತ. ಚರ್ಚೆ ಕ್ಲೋಸ್."

ರಸ್ತೆಯಲ್ಲಿ ಟ್ಯಾಂಕರೊಂದು ನೀರು ಚೆಲ್ಲುತ್ತ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ಬಹಳ ಆಸಕ್ತಿಯಿಂದ ನೋಡಿದೆ.

"ಹಲೋ? ಮಗಾ? ತಿರುಗಿದೆಯಾ?"

"ನೆಟ್‌ವರ್ಕ್ ಸರಿ ಇಲ್ಲ ಕಣೋ, ನಿನ್ ಮಾತು ಕೇಳಿಸ್ತಾ ಇಲ್ಲ" ಎಂದು ಫೋನು ಇಟ್ಟೆ.